ಎರಡು ಶನಿವಾರಗಳ ನಡುವೆ ಮಿನ್ನೆಸೋಟ

ಶನಿವಾರ: ನಾರ್ತ್‌ಫೀಲ್ಡ್

ಮಿನಿಯಾಪೊಲಿಸ್‌ನಿಂದ ಐ-35 ಹಿಡಿದು ದಕ್ಷಿಣಕ್ಕೆ ಸುಮಾರು ನಲವತ್ತು ಮೈಲಿ. 69ನೇ ಎಕ್ಸಿಟ್‌ನಲ್ಲಿ ಇಳಿದು 19ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಳಿದರೆ ನಾರ್ತ್‌ಫೀಲ್ಡ್. ಗಾಳಿ ಈ ಕಡೆ ಬೀಸುತ್ತಿದ್ದರೆ ಊರು ಕಣ್ಣಿಗೆ ಬೀಳುವ ಮುಂಚೆಯೇ ಮಾಲ್ಟ್-ಒ-ಮೀಲ್ ಕಾರ್ಖಾನೆಯ ಹುರಿದ ಧಾನ್ಯದ ವಾಸನೆ ಮೂಗಿಗೆ ಬಡಿಯುತ್ತದೆ. ಪಶ್ಚಿಮದ ಗುಡ್ಡದ ಮೇಲೆ ಸೇಂಟ್ ಓಲಾಫ್ ಕಾಲೇಜು, ಊರ ನಡುವೆ ಕ್ಯಾನನ್ ನದಿ, ಆಚೆ ಬದಿಗೆ ಕಾರ್ಲ್‌ಟನ್ ಕಾಲೇಜು. ಒಂದೇ ಊರಿನ ಈ ಎರಡೂ ಕಾಲೇಜುಗಳು ಒಂದೇ ಲೀಗಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತವೆ. ಲೀಗಿನ ಪೂರ್ಣ ಹೆಸರು ಮಿನ್ನೆಸೋಟ ಇಂಟರ್‌ಕಾಲೇಜಿಯೇಟ್ ಅಥ್ಲೆಟಿಕ್ ಕಾನ್ಫರೆನ್ಸ್. 1920ರಲ್ಲಿ ಹುಟ್ಟಿದ್ದು. ಇಲ್ಲಿನವರ ಬಾಯಲ್ಲಿ ಅದು ‘ಮಯಾಕ್’.

ಟಿವಿಯಲ್ಲಿ ಕಾಣುವ ಲಕ್ಷ ಜನರ ಕಾಲೇಜು ಫುಟ್‌ಬಾಲ್ ಇದಲ್ಲ. ಮಯಾಕ್ ಇರುವುದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎಯ ಮೂರನೇ ಡಿವಿಷನ್ನಿನಲ್ಲಿ. ಇಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ರಸಾಯನಶಾಸ್ತ್ರದ ಲ್ಯಾಬ್ ಮುಗಿಸಿ ಹುಡುಗರು ಮೈದಾನಕ್ಕೆ ಇಳಿಯುತ್ತಾರೆ. ಫುಟ್‌ಬಾಲ್ ಆಡುವ ತಂಡಗಳು ಹತ್ತು: ಆಗ್ಸ್‌ಬರ್ಗ್, ಬೆಥೆಲ್, ಕಾರ್ಲ್‌ಟನ್, ಕಾಂಕಾರ್ಡಿಯಾ, ಗಸ್ಟೇವಸ್ ಅಡಾಲ್ಫಸ್, ಹ್ಯಾಮ್ಲಿನ್, ಮಕಾಲೆಸ್ಟರ್, ಸೇಂಟ್ ಜಾನ್ಸ್, ಸೇಂಟ್ ಓಲಾಫ್, ಸೇಂಟ್ ಸ್ಕೊಲಾಸ್ಟಿಕಾ. ಎಲ್ಲರಿಗೂ ನಿಯಮ ಒಂದೇ, ಬಲ ಮಾತ್ರ ಒಂದೇ ಅಲ್ಲ. ಅಂಕಪಟ್ಟಿಯಲ್ಲಿ ಗೆಲುವು ಸೋಲು ಕಾಣುತ್ತದೆ. ಆ ಅಂತರ ಎಲ್ಲಿಂದ ಬಂತು ಎಂಬುದು ಊರೂರು ಸುತ್ತಿದರೆ ಮಾತ್ರ ತಿಳಿಯುತ್ತದೆ. ಪಂದ್ಯಗಳು ಶನಿವಾರ ಮಾತ್ರ, ಬಹುತೇಕ ಮಧ್ಯಾಹ್ನ ಒಂದಕ್ಕೆ. ಹಾಗಾಗಿ ಪ್ರಯಾಣವನ್ನು ಎರಡು ಶನಿವಾರಗಳ ನಡುವೆ ಕಟ್ಟಿಕೊಳ್ಳಬೇಕು: ಒಂದು ನಾರ್ತ್‌ಫೀಲ್ಡಿನಲ್ಲಿ, ಇನ್ನೊಂದು ಸೇಂಟ್ ಜಾನ್ಸ್ ಇರುವ ಕಾಲೇಜ್‌ವಿಲ್‌ನಲ್ಲಿ. ವೇಳಾಪಟ್ಟಿ ವರ್ಷಕ್ಕೊಮ್ಮೆ ತಿರುಗುತ್ತದೆ. ಅದನ್ನು ನೋಡಿಯೇ ಟಿಕೆಟ್ ಮಾಡಿಸುವುದು ಕ್ಷೇಮ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದೇ ಕೀಲಿ ಸಾಕು. ಓವರಿಗೆ ಆರು ಎಸೆತವಿದ್ದಂತೆ ಇಲ್ಲಿ ನಾಲ್ಕು ‘ಡೌನ್’. ನಾಲ್ಕರೊಳಗೆ ಹತ್ತು ಗಜ ಮುಂದೆ ಸಾಗಿದರೆ ಹೊಸದಾಗಿ ನಾಲ್ಕು ಸಿಗುತ್ತವೆ. ಮೂರರಲ್ಲಿ ಆಗಲಿಲ್ಲವೆಂದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ, ಅದು ಪಂಟ್. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ, ಕೂಡಲೇ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು, ಮತ್ತೆ ಓಡಿ ಅಥವಾ ಪಾಸ್ ಹಿಡಿದು ದಾಟಿದರೆ ಎರಡು. ಟಚ್‌ಡೌನ್ ಇಲ್ಲದೆ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಅದಕ್ಕೆ ಮೂರು. ಆದ್ದರಿಂದ 14 ಅಂಕದ ಅಂತರವೆಂದರೆ ಎರಡು ದಾಳಿ, 17 ಎಂದರೆ ಮೂರು. ಪಳಗಿದ ಪ್ರೇಕ್ಷಕರು ಅಂಕ ಎಣಿಸುವುದಿಲ್ಲ, ಇನ್ನೆಷ್ಟು ದಾಳಿ ಬೇಕು ಎಂದು ಎಣಿಸುತ್ತಾರೆ.

ಈ ಎರಡು ಕಾಲೇಜುಗಳ ಪಂದ್ಯಕ್ಕೆ ಮರದ ಮೇಕೆಯೊಂದು ಟ್ರೋಫಿ. ಬ್ರಿಜ್ ಸ್ಕ್ವೇರ್‌ನಲ್ಲಿ ಅಂತರ್ಯುದ್ಧದ ಸ್ಮಾರಕ ಕಂಬವಿದೆ, ಅದರ ತುದಿಯಲ್ಲಿ ಹದ್ದು. ಗೆದ್ದ ಕಾಲೇಜಿನ ದಿಕ್ಕಿಗೆ ಹದ್ದಿನ ಮುಖ ತಿರುಗಿಸುವುದು ವಾಡಿಕೆ. ಕಳೆದ ಸಲ ಗೆದ್ದವರು ಯಾರೆಂದು ಯಾರನ್ನೂ ಕೇಳಬೇಕಿಲ್ಲ, ಕತ್ತೆತ್ತಿ ನೋಡಿದರೆ ಆಯಿತು.

ಕಾರ್ಲ್‌ಟನ್‌ನ ಲೇಯರ್ಡ್ ಸ್ಟೇಡಿಯಂ ನದಿಯ ಮಗ್ಗುಲಲ್ಲೇ ತಗ್ಗಿನಲ್ಲಿದೆ. 2010ರ ಸೆಪ್ಟೆಂಬರ್ ಪ್ರವಾಹದಲ್ಲಿ ಮೈದಾನ ಕೆರೆಯಾಗಿತ್ತು. ಇದೇ ಮೈದಾನದಲ್ಲಿ 1977ರ ಸೆಪ್ಟೆಂಬರ್ 17ರಂದು ನಡೆದ ಪಂದ್ಯ ಎನ್‌ಸಿಎಎ ಮಾನ್ಯ ಮಾಡಿದ ಏಕೈಕ ಮೆಟ್ರಿಕ್ ಫುಟ್‌ಬಾಲ್ ಪಂದ್ಯ. ಅಮೆರಿಕ ಮೆಟ್ರಿಕ್ ಪದ್ಧತಿಗೆ ಇನ್ನೇನು ಬಂದೇ ಬಿಡುತ್ತದೆ ಎಂದು ಜನ ನಂಬಿದ್ದ ಕಾಲವದು. ಕಾರ್ಲ್‌ಟನ್‌ನ ರಸಾಯನಶಾಸ್ತ್ರ ಪ್ರಾಧ್ಯಾಪಕ ಜೆರ್ರಿ ಮೊಹ್ರಿಗ್ ಅವರ ತಲೆಗೆ ಹೊಳೆದ ಉಪಾಯ. ಮೈದಾನದ ಉದ್ದ 100 ಗಜದ ಬದಲು 100 ಮೀಟರ್, ಹೊಸ ಡೌನ್‌ಗಳಿಗೆ ಹತ್ತು ಗಜದ ಬದಲು ಹತ್ತು ಮೀಟರ್, ಆಟಗಾರರ ಎತ್ತರ ಸೆಂಟಿಮೀಟರಿನಲ್ಲಿ, ತೂಕ ಕಿಲೋದಲ್ಲಿ. ಹತ್ತು ಗಜವೆಂದರೆ 9.14 ಮೀಟರ್, ಪ್ರತಿ ಸಲವೂ ಹೆಚ್ಚುಕಡಿಮೆ 86 ಸೆಂಟಿಮೀಟರ್ ಹೆಚ್ಚು ಸಾಗಬೇಕು. ಮೂರನೇ ಡೌನ್‌ನಲ್ಲಿ ಒಂದು ಮೊಳ ಸಾಲದೆ ಒದ್ದಾಡುವ ಆಟದಲ್ಲಿ ಅದು ಸಣ್ಣ ಮಾತಲ್ಲ. ಪಂದ್ಯಕ್ಕೆ ‘ಲೀಟರ್ ಬೌಲ್’ ಎಂದು ಹೆಸರಿಟ್ಟಿದ್ದರು. ಸೇಂಟ್ ಓಲಾಫ್ 43–0ರಿಂದ ಗೆದ್ದಿತು. ಉಪಾಯ ಕಾರ್ಲ್‌ಟನ್‌ನದು, ಪೆಟ್ಟು ತಿಂದದ್ದೂ ಕಾರ್ಲ್‌ಟನ್ನೇ.

ಊಟದ ಮಾತು ಇಲ್ಲೇ ಮುಗಿಸಿಬಿಡೋಣ, ಎಲ್ಲ ಮೈದಾನದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಪ್ರೆಟ್ಜೆಲ್, ಅದೃಷ್ಟವಿದ್ದರೆ ಕರಿದ ಚೀಸ್ ಕರ್ಡ್ಸ್. ‘ವಾಕಿಂಗ್ ಟಾಕೊ’ ಎಂದರೆ ಚಿಪ್ಸ್ ಪೊಟ್ಟಣವನ್ನು ಬದಿಗೆ ಸೀಳಿ ಅದರೊಳಗೇ ಖೀಮಾ, ಚೀಸ್, ಸೊಪ್ಪು ಸುರಿದು ಚಮಚ ಚುಚ್ಚಿ ಕೊಡುವುದು. ಮಾಂಸ ಬೇಡವೆಂದರೆ ಬಿಟ್ಟು ಕೊಡುತ್ತಾರೆ, ಆದರೆ ಸುರಿಯುವ ಮುಂಚೆ ಹೇಳಬೇಕು. ಚಿಲಿಯಲ್ಲಿ ಬೀನ್ಸ್ ಕಂಡಿತೆಂದು ನಂಬಬೇಡಿ, ಅದರಲ್ಲಿ ಸಾಮಾನ್ಯವಾಗಿ ದನದ ಮಾಂಸ ಇರುತ್ತದೆ. ಚಿತ್ರಾನ್ನವನ್ನು ಕಾರಿನಲ್ಲಿಟ್ಟುಕೊಂಡು ಪಂದ್ಯಕ್ಕೆ ಮುಂಚೆಯೇ ಉಣ್ಣುವುದು ಜಾಣತನ.

ಭಾನುವಾರ: ಸೇಂಟ್ ಪಾಲ್

ಭಾನುವಾರ ಮೈದಾನಗಳು ಬಹುತೇಕ ಖಾಲಿ. ತಂಡಗಳು ಹಿಂದಿನ ದಿನದ ವಿಡಿಯೊ ನೋಡುತ್ತಾ ಕೂತಿರುತ್ತವೆ. ಸೇಂಟ್ ಪಾಲ್ ನಗರದಲ್ಲಿ ನೋಡಬೇಕಾದದ್ದು ಲೀಗಿನೊಳಗೆ ಇಲ್ಲದ ಒಂದು ವಿಶ್ವವಿದ್ಯಾಲಯ: ಸೇಂಟ್ ಥಾಮಸ್. 1920ರ ಸ್ಥಾಪಕರಲ್ಲಿ ಅದೂ ಒಂದು. 2012 ಮತ್ತು 2015ರಲ್ಲಿ ರಾಷ್ಟ್ರೀಯ ಫೈನಲ್‌ವರೆಗೆ ಹೋಗಿ ಎರಡು ಸಲವೂ ಒಹಾಯೊದ ಮೌಂಟ್ ಯೂನಿಯನ್ ಎದುರು ಸೋತಿತು. ಆದರೆ ಲೀಗಿನೊಳಗೆ ಅದನ್ನು ತಡೆಯುವವರು ಒಬ್ಬಿಬ್ಬರು ಮಾತ್ರ. 2017ರಲ್ಲಿ ಸೇಂಟ್ ಓಲಾಫ್ ಎದುರಿನ ಅಂಕ 97–0. ಮೀಸಲು ಆಟಗಾರರನ್ನು ಇಳಿಸಿದರೂ ಅಂತರ ನಿಲ್ಲದ ಪಂದ್ಯಗಳಿರುತ್ತವೆ. ಸೋಲುವ ಕಡೆ ಗಾಯಗೊಂಡವರ ಜಾಗಕ್ಕೆ ನಿಲ್ಲಿಸಲು ಜನರೇ ಇರುವುದಿಲ್ಲ.

2019ರ ಮೇ ತಿಂಗಳಲ್ಲಿ ಉಳಿದ ಕಾಲೇಜುಗಳು ಸೇಂಟ್ ಥಾಮಸ್ ಅನ್ನು ಲೀಗಿನಿಂದ ಹೊರಗೆ ಕಳಿಸುವುದಾಗಿ ಪ್ರಕಟಿಸಿದವು. ಕಾರಣ ಮೋಸವಲ್ಲ, ನಿಯಮಭಂಗವಲ್ಲ. ಸಮಬಲವಿಲ್ಲ ಎಂಬುದೇ ಕಾರಣ. ತರಗತಿಯ ಜಾಣ ಹುಡುಗನನ್ನು ಅಂಕ ಜಾಸ್ತಿ ತೆಗೆದನೆಂದು ಹೊರಗೆ ನಿಲ್ಲಿಸಿದಂತೆ ಎಂದು ಅಭಿಮಾನಿಗಳಲ್ಲಿ ಅರ್ಧ ಜನ. ಎರಡು ಸಾವಿರ ವಿದ್ಯಾರ್ಥಿಗಳ ಕಾಲೇಜನ್ನು ಅದರ ಎರಡು ಮೂರು ಪಟ್ಟು ದೊಡ್ಡದರ ಎದುರು ವರ್ಷವರ್ಷವೂ ನಿಲ್ಲಿಸುವುದು ನ್ಯಾಯವೇ ಎಂದು ಉಳಿದರ್ಧ. ಎರಡನೆಯ ವಾದದಲ್ಲೇ ತೂಕ ಹೆಚ್ಚು, ಆದರೂ ಲೀಗಿಗೆ ಆದ ನಷ್ಟ ದೊಡ್ಡದು. 2021ರಲ್ಲಿ ಸೇಂಟ್ ಥಾಮಸ್ ಮೂರನೇ ಡಿವಿಷನ್ನಿನಿಂದ ನೇರವಾಗಿ ಮೊದಲನೆಯದಕ್ಕೆ ಜಿಗಿಯಿತು. ಫುಟ್‌ಬಾಲ್‌ಗೆ ಸೇರಿದ್ದು ಪಯೊನೀರ್ ಲೀಗನ್ನು, ಅಲ್ಲೂ ಫುಟ್‌ಬಾಲ್ ವಿದ್ಯಾರ್ಥಿವೇತನ ಇಲ್ಲ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಮಕಾಲೆಸ್ಟರ್. ಅಂತರದ ಇನ್ನೊಂದು ತುದಿ ಇಲ್ಲಿದೆ. 1974ರಿಂದ 1980ರವರೆಗೆ ಈ ಕಾಲೇಜು ಸತತ 50 ಪಂದ್ಯ ಸೋತಿತ್ತು. 1980ರ ಸೆಪ್ಟೆಂಬರಿನಲ್ಲಿ ಮೌಂಟ್ ಸೆನೇರಿಯೊ ವಿರುದ್ಧ ಕೊನೆಯ ಗಳಿಗೆಯ ಫೀಲ್ಡ್ ಗೋಲ್‌ನಿಂದ 17–14ರಲ್ಲಿ ಗೆದ್ದಾಗ ಸರಪಳಿ ಕಡಿಯಿತು. ಮುಂದೆ 2001ರ ಋತುವಿನ ನಂತರ ಫುಟ್‌ಬಾಲ್ ಮಟ್ಟಿಗೆ ಮಯಾಕ್ ತೊರೆಯಿತು. ತನ್ನ ಅಳತೆಯ ಎದುರಾಳಿಗಳನ್ನು ಹುಡುಕಿಕೊಂಡು 2014ರಲ್ಲಿ ಮಿಡ್‌ವೆಸ್ಟ್ ಕಾನ್ಫರೆನ್ಸ್ ಸೇರಿ ಅದೇ ವರ್ಷ ಚಾಂಪಿಯನ್ ಆಯಿತು. 2021ರಲ್ಲಿ, ಸೇಂಟ್ ಥಾಮಸ್ ಹೊರಟ ವರ್ಷವೇ, ಮರಳಿ ಬಂತು. ಎರಡು ಕ್ಯಾಂಪಸ್ಸುಗಳ ನಡುವೆ ನಡೆದೇ ಹೋಗಬಹುದು.

ಸೋಮವಾರ: ಸೇಂಟ್ ಪೀಟರ್

169ನೇ ಹೆದ್ದಾರಿಯಲ್ಲಿ ನೈಋತ್ಯಕ್ಕೆ ಸುಮಾರು 65 ಮೈಲಿ, ಕೊನೆಯ ಭಾಗ ಮಿನ್ನೆಸೋಟ ನದಿಯ ಕಣಿವೆಯಲ್ಲಿ. ಗುಡ್ಡದ ನೆತ್ತಿಯ ಮೇಲೆ ಗಸ್ಟೇವಸ್ ಅಡಾಲ್ಫಸ್, ಸ್ವೀಡನ್ನಿನಿಂದ ವಲಸೆ ಬಂದವರು ಕಟ್ಟಿದ ಕಾಲೇಜು. 1998ರ ಮಾರ್ಚ್ 29ರ ಸುಂಟರಗಾಳಿ ಇಲ್ಲಿನ ಕಿಟಕಿಗಳಲ್ಲಿ ಬಹುಪಾಲನ್ನು ಒಡೆದು, ಪ್ರಾರ್ಥನಾ ಮಂದಿರದ ಗೋಪುರದ ತುದಿಯನ್ನೇ ಉರುಳಿಸಿತ್ತು. ವಿದ್ಯಾರ್ಥಿಗಳು ವಸಂತದ ರಜೆಗೆ ಹೋಗಿದ್ದರು, ಅದೇ ಪುಣ್ಯ. ಮರಗಳು ಇನ್ನೂ ಚಿಕ್ಕವಾಗಿ ಕಂಡರೆ ಕಾರಣ ಅದು.

ಸೋಮವಾರ ಬರಲು ಕಾರಣವಿದೆ. ಶನಿವಾರ ಆಡಲು ಅವಕಾಶ ಸಿಗದ ಕಿರಿಯರ ಜೆವಿ (ಜೂನಿಯರ್ ವಾರ್ಸಿಟಿ) ಪಂದ್ಯಗಳು ಈ ಮಟ್ಟದಲ್ಲಿ ಸಾಮಾನ್ಯವಾಗಿ ಭಾನುವಾರ ಇಲ್ಲವೇ ಸೋಮವಾರ ನಡೆಯುತ್ತವೆ. ಒಂದು ತಂಡದಲ್ಲಿ ನೂರರ ಹತ್ತಿರ ಹುಡುಗರಿರುವಾಗ ಇದು ಬರಿ ಅಭ್ಯಾಸವಲ್ಲ. ಎರಡು ವರ್ಷದ ನಂತರ ಯಾವ ಕಾಲೇಜು ಮೇಲೇಳುತ್ತದೆ ಎಂದು ತಿಳಿಯಬೇಕಿದ್ದರೆ ಜೆವಿಯಲ್ಲಿ ದಾಳಿ ಮಾಡುವ ಕಡೆಯ ಮುಂಚೂಣಿ ಸಾಲನ್ನು, ಅಂದರೆ ಚೆಂಡಿನ ಎದುರು ಬಗ್ಗಿ ನಿಲ್ಲುವ ಐದು ದಡಿಯರನ್ನು ನೋಡಿ. ಚುರುಕಾದ ಓಟಗಾರ ಎಲ್ಲ ಊರಲ್ಲೂ ಸಿಗುತ್ತಾನೆ. 130 ಕಿಲೋ ತೂಗುತ್ತಾ ಹಗುರಾಗಿ ಹೆಜ್ಜೆ ಇಡುವವನು ಸಿಗುವುದಿಲ್ಲ, ಅವನನ್ನು ಬೆಳೆಸಬೇಕು.

ಬೆಳೆಸುವುದು ಹೇಗೆಂಬುದಕ್ಕೆ ಸೇಂಟ್ ಜಾನ್ಸ್‌ನ ಬೆನ್ ಬಾರ್ಚ್ ಉದಾಹರಣೆ. ಪಾಸ್ ಹಿಡಿಯುವ, ಎದುರಾಳಿಯನ್ನು ತಡೆಯುವ ಎರಡೂ ಕೆಲಸದ ತೆಳ್ಳಗಿನ ‘ಟೈಟ್ ಎಂಡ್’ ಆಗಿ ಬಂದವರು ಮೊಟ್ಟೆ, ಕಾಟೇಜ್ ಚೀಸ್, ಜೋಳದ ಗಂಜಿ, ಕಡಲೆಕಾಯಿ ಬೆಣ್ಣೆ, ಬಾಳೆಹಣ್ಣು, ಗೇಟೊರೇಡ್ ಎಲ್ಲವನ್ನೂ ಒಟ್ಟಿಗೆ ಅರೆದು ಕುಡಿದು ಮೈ ತುಂಬಿಸಿಕೊಂಡು ಆ ಐವರ ಸಾಲಿನ ಅಂಚಿನಲ್ಲಿ ನಿಲ್ಲುವ ‘ಟ್ಯಾಕಲ್’ ಆದರು. 2020ರಲ್ಲಿ ಜಾಕ್ಸನ್‌ವಿಲ್ ತಂಡ ಅವರನ್ನು ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನ ನಾಲ್ಕನೇ ಸುತ್ತಿನಲ್ಲಿ ಆರಿಸಿತು. ಆ ಪಾನಕವನ್ನು ಮನೆಯಲ್ಲಿ ಪ್ರಯೋಗಿಸಬೇಕಾಗಿಲ್ಲ.

ಮಂಗಳವಾರ, ಬುಧವಾರ: ಅವಳಿ ನಗರ (ಮಿನಿಯಾಪೊಲಿಸ್, ಸೇಂಟ್ ಪಾಲ್)

ತಂಡಗಳ ವಾರದಲ್ಲಿ ಇವೆರಡೇ ಬೆವರಿನ ದಿನಗಳು. ಗುರುವಾರ ಹಗುರ, ಶುಕ್ರವಾರ ನಡೆದು ನೋಡುವ ತಾಲೀಮು ಅಥವಾ ಬಸ್ಸು. ಆಗ್ಸ್‌ಬರ್ಗ್‌ನ ಮೈದಾನ ಮಿನಿಯಾಪೊಲಿಸ್ ಒಳಗೇ ಐ-94ರ ಪಕ್ಕದಲ್ಲಿದೆ, ಚಳಿಗಾಲದಲ್ಲಿ ಅದರ ಮೇಲೆ ಗಾಳಿ ತುಂಬಿದ ಗುಮ್ಮಟ ಎದ್ದು ನಿಲ್ಲುತ್ತದೆ. ಹ್ಯಾಮ್ಲಿನ್‌ಗೆ ಫುಟ್‌ಬಾಲ್‌ಗಿಂತ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರು. 1895ರಲ್ಲಿ ಅಲ್ಲಿ ನಡೆದ ಪಂದ್ಯವನ್ನು ಕಾಲೇಜುಗಳ ನಡುವಿನ ಮೊದಲ ಬ್ಯಾಸ್ಕೆಟ್‌ಬಾಲ್ ಪಂದ್ಯವೆಂದು ಗುರುತಿಸುತ್ತಾರೆ.

ಉತ್ತರದ ಆರ್ಡನ್ ಹಿಲ್ಸ್‌ನಲ್ಲಿರುವ ಬೆಥೆಲ್‌ಗೆ ಮಾತ್ರ ಅರ್ಧ ದಿನ ಇಡಿ. ಸೇಂಟ್ ಥಾಮಸ್ ಹೋದ ಮೇಲೆ ಸೇಂಟ್ ಜಾನ್ಸ್‌ಗೆ ಎದುರಾಗಿ ನಿಂತದ್ದು ಇದೇ. 1989ರಿಂದ ಮೂರು ದಶಕ ಮೀರಿ ಸ್ಟೀವ್ ಜಾನ್ಸನ್ ಎಂಬ ಒಬ್ಬರೇ ಕೋಚ್ ಕಟ್ಟಿದ ತಂಡ. 2021ರಲ್ಲಿ ಹತ್ತು ತಂಡಗಳನ್ನು ಎರಡು ಗುಂಪು ಮಾಡಿ ಕೊನೆಯ ವಾರ ಗುಂಪಿನ ವಿಜೇತರ ನಡುವೆ ಫೈನಲ್ ಇಟ್ಟಾಗ ಮೊದಲ ವರ್ಷ ಸೇಂಟ್ ಜಾನ್ಸ್, ಮರುವರ್ಷ ಬೆಥೆಲ್ ಗೆದ್ದವು. ಬೆಥೆಲ್ ಬ್ಯಾಪ್ಟಿಸ್ಟ್ ಸಂಸ್ಥೆ, ಆವರಣದಲ್ಲಿ ಮದ್ಯ ನಿಷಿದ್ಧ. ಪಾರ್ಕಿಂಗ್ ಜಾಗದಲ್ಲಿ ಬಿಯರ್ ಡಬ್ಬಿ ತೆರೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಲೆಕ್ಕ ಕಲಿಯಲು ಬುಧವಾರ ಒಳ್ಳೆಯ ದಿನ. ನಿಯಮಿತ ಋತುವಿಗೆ ಹತ್ತು ಪಂದ್ಯ, ಹನ್ನೊಂದು ವಾರ. ಲೀಗಿನ ಚಾಂಪಿಯನ್‌ಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. 2024ರಿಂದ ಟೂರ್ನಿಯಲ್ಲಿ 40 ತಂಡ, ಅದಕ್ಕೆ ಮುಂಚೆ 32. ಬಹುಪಾಲು ಜಾಗ ಚಾಂಪಿಯನ್ನರಿಗೇ ಹೋಗುವುದರಿಂದ ಎರಡನೇ ಸ್ಥಾನದವರು ಉಳಿದ ಕೆಲವೇ ಜಾಗಗಳಿಗೆ ದೇಶದ ಎಲ್ಲ ದ್ವಿತೀಯರೊಡನೆ ಸೆಣಸಬೇಕು. ಒಂದು ಸೋಲಾದರೆ ಆಸೆ ಇದೆ, ಎರಡಾದರೆ ಉಸಿರು ಬಿಗಿಹಿಡಿಯಬೇಕು. ಆ ಜಾಗಗಳನ್ನು ತೀರ್ಮಾನಿಸುವ ಎನ್‌ಪಿಐ ಎಂಬ ಸೂಚ್ಯಂಕ ಗೆಲುವಿನ ಪ್ರಮಾಣದ ಜೊತೆಗೆ ಎದುರಾಳಿಗಳ ಬಲವನ್ನೂ ತೂಗುತ್ತದೆ. ಇಲ್ಲಿ ಹಲವರು ಎಡವುತ್ತಾರೆ: 56–0ರ ಗೆಲುವು ಕಣ್ಣಿಗೆ ಹಬ್ಬ, ಆದರೆ ಆ ಎದುರಾಳಿ ಯಾರನ್ನೂ ಗೆಲ್ಲದಿದ್ದರೆ ಸೂಚ್ಯಂಕಕ್ಕೆ ಅದರಿಂದ ಬರುವುದು ಅಷ್ಟಕ್ಕಷ್ಟೇ. ಹಾಗಾಗಿ ಸೆಪ್ಟೆಂಬರಿನಲ್ಲಿ ಪಕ್ಕದ ವಿಸ್ಕಾನ್ಸಿನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳ ಮೇಲೆ ಆಡುವ ಲೀಗೇತರ ಪಂದ್ಯಗಳಿಗೆ ಅಷ್ಟು ಬೆಲೆ. 2007ರಿಂದ 2014ರೊಳಗೆ ಆರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ ವೈಟ್‌ವಾಟರ್ ಅಲ್ಲಿನದು. ಅಂಥವರ ಮೇಲೆ ಮೂರು ಅಂಕದಿಂದ ಸೋತವರು ಅಳುವುದಿಲ್ಲ.

ಈಶಾನ್ಯಕ್ಕೆ 150 ಮೈಲಿ ದೂರದ ಡುಲುತ್‌ನಲ್ಲಿ ಸೇಂಟ್ ಸ್ಕೊಲಾಸ್ಟಿಕಾ ಇದೆ. 2008ರಲ್ಲಷ್ಟೇ ಫುಟ್‌ಬಾಲ್ ಶುರುಮಾಡಿ 2021ರಲ್ಲಿ ಲೀಗಿಗೆ ಬಂದ ತಂಡ. ಎಂಟು ದಿನದ ಸುತ್ತಿನಲ್ಲಿ ಆ ದಿಕ್ಕು ಹಿಡಿದರೆ ಕಾಂಕಾರ್ಡಿಯಾ ಇರುವ ಮೂರ್‌ಹೆಡ್ ತಪ್ಪುತ್ತದೆ. ಸುಪೀರಿಯರ್ ಸರೋವರಕ್ಕಾಗಿ ಬೇರೆಯೇ ಪ್ರವಾಸ ಹಾಕಿಕೊಳ್ಳುವುದು ಮೇಲು.

ಗುರುವಾರ: ಮೂರ್‌ಹೆಡ್

ವಾಯವ್ಯಕ್ಕೆ ಐ-94. ಊರು ದಾಟುವಾಗ ಮೇಪಲ್ ಗ್ರೋವ್‌ನ ಹಿಂದೂ ದೇವಸ್ಥಾನ ದಾರಿಯಲ್ಲೇ ಸಿಗುತ್ತದೆ. ಇಲ್ಲಿನ ಕನ್ನಡಿಗರಿಗೆ ಗುರುತಿನ ಜಾಗ. ಅಕ್ಟೋಬರ್ ಮೂರನೇ ವಾರವಾದರೆ ಬೆಳಿಗ್ಗೆಯೇ ಹೊರಡಿ. ಆ ಗುರುವಾರ, ಶುಕ್ರವಾರ ರಾಜ್ಯದ ಶಾಲೆಗಳಿಗೆ ರಜೆ, ಎಲ್ಲರೂ ‘ಎಂಇಎ ವೀಕೆಂಡ್’ ಎನ್ನುತ್ತಾರೆ. ಮಕ್ಕಳನ್ನು ಕಟ್ಟಿಕೊಂಡ ಕಾರುಗಳೆಲ್ಲ ಉತ್ತರಕ್ಕೆ ಮುಖ ಮಾಡಿರುತ್ತವೆ, ಹೋಟೆಲ್ ಕೋಣೆ ಮೊದಲೇ ಹಿಡಿದಿರಬೇಕು.

ಅವಳಿ ನಗರದಿಂದ 235 ಮೈಲಿ, ಮೂರೂವರೆ ಗಂಟೆ. ಫರ್ಗಸ್ ಫಾಲ್ಸ್ ಕಳೆದ ಮೇಲೆ ನೆಲ ಇಸ್ತ್ರಿ ಹಾಕಿದಂತೆ ಚಪ್ಪಟೆ. ಹಿಮಯುಗದ ಕೊನೆಯ ಅಗಾಸಿ ಸರೋವರದ ತಳವಿದು. ಅಕ್ಟೋಬರ್ ಎಂದರೆ ಸಕ್ಕರೆ ಬೀಟ್ ಕೊಯ್ಲಿನ ಕಾಲ. ಲಾರಿಗಳು ಹೊಲದಿಂದ ರಸ್ತೆಗೆ ತರುವ ಎರೆಮಣ್ಣು ಮಳೆ ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಅಡ್ಡರಸ್ತೆಗಳಲ್ಲಿ ವೇಗ ತಗ್ಗಿಸಿ.

ಕಾಂಕಾರ್ಡಿಯಾದವರ ಲಾಂಛನ ಹುಲಿಯೂ ಅಲ್ಲ, ಹದ್ದೂ ಅಲ್ಲ, ಹುಬ್ಬು ಗಂಟಿಕ್ಕಿದ ಮುಸುಕಿನ ಜೋಳದ ತೆನೆ. ತಂಡದ ಹೆಸರು ಕಾಬರ್ಸ್. ನಗುವವರು ನಗಲಿ, 1964, 1978, 1981ರಲ್ಲಿ ಎನ್‌ಎಐಎ ಎಂಬ ಇನ್ನೊಂದು ಕಾಲೇಜು ಕ್ರೀಡಾ ಸಂಘದ ರಾಷ್ಟ್ರೀಯ ಪ್ರಶಸ್ತಿ ಇವರ ಕೈಯಲ್ಲಿತ್ತು. ಅದರಲ್ಲಿ ಮೊದಲನೆಯದು, ಕೊನೆಯದು ಫೈನಲ್ ಸಮವಾಗಿ ಹಂಚಿಕೊಂಡವು.

ಇಲ್ಲಿ ಎದುರಾಳಿ ತಂಡದಷ್ಟೇ ಲೆಕ್ಕಕ್ಕೆ ಬರುವುದು ಗಾಳಿ. ಬಯಲಿನಲ್ಲಿ ತಡೆಯಿಲ್ಲ. ಪ್ರತಿ ಕ್ವಾರ್ಟರ್ ಮುಗಿದಾಗ ತಂಡಗಳು ದಿಕ್ಕು ಬದಲಿಸುತ್ತವೆ, ಎಲ್ಲರಿಗೂ ಗಾಳಿಯ ಬೆಂಬಲ ಎರಡು ಕ್ವಾರ್ಟರ್. ಬೇಕಾದದ್ದು ಕೊನೆಯ ಹದಿನೈದು ನಿಮಿಷ. ಟಾಸ್ ಗೆದ್ದವರು ಸಾಮಾನ್ಯವಾಗಿ ಆಯ್ಕೆಯನ್ನು ಎರಡನೇ ಅರ್ಧಕ್ಕೆ ಮುಂದೂಡುತ್ತಾರೆ. ಆಗ ಚೆಂಡು ಬೇಕೋ ದಿಕ್ಕು ಬೇಕೋ, ಒಂದನ್ನೇ ಕೇಳಬಹುದು. ದಿಕ್ಕು ಕೇಳಿದರೆ ಕೊನೆಯ ಕ್ವಾರ್ಟರ್‌ನಲ್ಲಿ ಗಾಳಿ ಬೆನ್ನಿಗೆ, ಆದರೆ ಎದುರಾಳಿಗೆ ಎರಡೂ ಅರ್ಧಗಳಲ್ಲಿ ಮೊದಲು ಚೆಂಡು ಕೊಟ್ಟಂತಾಗಬಹುದು. ಒಂದು ಇಡೀ ದಾಳಿಯ ಬೆಲೆ ಅದು. ಮೇಲ್ನೋಟಕ್ಕೆ ಕೋಚ್ ತಪ್ಪು ಮಾಡಿದರು ಅನ್ನಿಸಿದಾಗ ಒಮ್ಮೆ ಧ್ವಜದ ಕಡೆ ನೋಡಿ.

ಶುಕ್ರವಾರ: ಮರಳುವ ದಾರಿ

ಮೂರ್‌ಹೆಡ್ ಬಿಟ್ಟು ಸೇಂಟ್ ಕ್ಲೌಡ್‌ನಲ್ಲಿ ತಂಗುವುದು. ಬೇರೆ ಕೆಲಸವಿಲ್ಲ. ಬಟ್ಟೆಯ ಸಿದ್ಧತೆ ಈ ರಾತ್ರಿಯೇ ಆಗಲಿ. ಅಕ್ಟೋಬರ್ ಮಧ್ಯದ ಮಧ್ಯಾಹ್ನ 12–15 ಡಿಗ್ರಿ ಇದ್ದರೂ ಮೂರು ಗಂಟೆ ಅಲ್ಯೂಮಿನಿಯಂ ಬೆಂಚಿನ ಮೇಲೆ ಕೂತರೆ ಚಳಿ ಕೆಳಗಿನಿಂದ ಏರುತ್ತದೆ. ಉಣ್ಣೆಯ ಕಾಲುಚೀಲ, ಕೂರಲು ದಿಂಬು, ಪಾದದಡಿ ಒಂದು ತುಂಡು ರಟ್ಟು. ರಟ್ಟಿನ ಉಪಕಾರ ನವೆಂಬರಿನಲ್ಲಿ ಕೂತವರಿಗೆ ಗೊತ್ತು. ಬ್ಯಾಗಿನ ನಿಯಮ ಕಾಲೇಜಿಗೊಂದು ತೆರ, ಹಿಂದಿನ ದಿನ ನೋಡಿಕೊಳ್ಳಿ.

ಶನಿವಾರ: ಕಾಲೇಜ್‌ವಿಲ್

ಐ-94ರ 156ನೇ ಎಕ್ಸಿಟ್. ಪೈನ್ ಮರಗಳ ನಡುವೆ ಮೊದಲು ಕಾಣುವುದು ಬೆನೆಡಿಕ್ಟೈನ್ ಮಠದ ಚರ್ಚಿನ ಮುಂದೆ ನಿಂತ 112 ಅಡಿಯ ಕಾಂಕ್ರೀಟ್ ಗಂಟೆಫಲಕ. ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್. ಚರ್ಚು 1961ರಲ್ಲಿ ಮುಗಿಯಿತು. ಹನ್ನೊಂದಕ್ಕೆ ತಲುಪಿದರೆ ಅದನ್ನೂ ಒಳಗಿನ ಜೇನುಗೂಡಿನಂಥ ಬಣ್ಣದ ಗಾಜಿನ ಗೋಡೆಯನ್ನೂ ನೋಡಿ ನಿಧಾನವಾಗಿ ಮೈದಾನಕ್ಕೆ ಇಳಿಯಬಹುದು. ಹನ್ನೆರಡೂವರೆಗೆ ಬಂದವರು ದೂರದ ಹುಲ್ಲುಗಾವಲಿನಲ್ಲಿ ಕಾರು ನಿಲ್ಲಿಸಿ ನಡೆಯಬೇಕು.

ಕ್ಲೆಮೆನ್ಸ್ ಸ್ಟೇಡಿಯಂ ನೆಲದಲ್ಲಿ ಬಟ್ಟಲಿನಂತೆ ಕುಳಿತಿದೆ, ಸುತ್ತ ಕಾಡು. ಸುಮಾರು ಏಳೂವರೆ ಸಾವಿರ ಆಸನ; ದೊಡ್ಡ ಪಂದ್ಯಕ್ಕೆ ಇಳಿಜಾರಿನ ಹುಲ್ಲೇ ಉಳಿದವರ ಗ್ಯಾಲರಿ. ಮೂರನೇ ಡಿವಿಷನ್ನಿನಲ್ಲಿ ಅತಿ ಹೆಚ್ಚು ಜನ ಸೇರುವ ಮೈದಾನಗಳಲ್ಲಿ ಇದು ಸದಾ ಮುಂಚೂಣಿಯಲ್ಲಿರುತ್ತದೆ. ಸೇಂಟ್ ಥಾಮಸ್ ಎದುರಿನ ಪಂದ್ಯಕ್ಕೆ ಈ ಬಟ್ಟಲೂ ಸಾಲದೆ 2017ರಲ್ಲಿ ಮಿನಿಯಾಪೊಲಿಸ್‌ನ ಬೇಸ್‌ಬಾಲ್ ಅಂಗಳ ಟಾರ್ಗೆಟ್ ಫೀಲ್ಡ್‌ಗೆ ಹೋಗಿದ್ದರು. ಸೇರಿದವರು 37,355 ಮಂದಿ, ಈ ಡಿವಿಷನ್ನಿನ ದಾಖಲೆ. ಸೇಂಟ್ ಥಾಮಸ್ 20–17ರಿಂದ ಗೆದ್ದಿತು. ಆ ಪಂದ್ಯ ಈಗ ಲೀಗಿನಲ್ಲಿ ಇಲ್ಲ. 97–0 ಬೇಡವೆಂದವರು 20–17ನ್ನೂ ಕಳೆದುಕೊಂಡರು.

ಸೇಂಟ್ ಜಾನ್ಸ್ ಗಂಡುಮಕ್ಕಳ ಕಾಲೇಜು, ಪಕ್ಕದ ಸೇಂಟ್ ಜೋಸೆಫ್ ಊರಿನ ಸೇಂಟ್ ಬೆನೆಡಿಕ್ಟ್ ಹೆಣ್ಣುಮಕ್ಕಳದು. ಪಾಠ ಎರಡಕ್ಕೂ ಸೇರಿ. ಇಲ್ಲಿ 1953ರಿಂದ 2012ರವರೆಗೆ ಅರವತ್ತು ಋತು ಒಬ್ಬರೇ ಕೋಚ್: ಜಾನ್ ಗಲಾರ್ಡಿ. ಬರೆಯುವಾಗ ಹೆಸರಿನ ನಡುವೆ ಇನ್ನೊಂದು ‘ಜಿ’ ಇದೆ, ಹೇಳುವಾಗ ಇಲ್ಲ. ಕೊಲರಾಡೊದ ಟ್ರಿನಿಡಾಡ್‌ನಲ್ಲಿ ಹದಿನಾರನೇ ವಯಸ್ಸಿಗೆ, ಶಾಲೆಯ ಕೋಚ್ ಯುದ್ಧಕ್ಕೆ ಹೋದಾಗ, ಆಡುತ್ತಲೇ ಕೋಚ್ ಆದವರು. ಮಾಂಟಾನಾದ ಕ್ಯಾರಲ್ ಕಾಲೇಜು ಸೇರಿ ಒಟ್ಟು 489 ಗೆಲುವು, 138 ಸೋಲು, 11 ಸಮ. ಕಾಲೇಜು ಫುಟ್‌ಬಾಲಿನ ಯಾವ ಡಿವಿಷನ್ನಿನಲ್ಲೂ ಇಷ್ಟು ಗೆಲುವು ಬೇರೆ ಯಾರಿಗೂ ಇಲ್ಲ. ಅವರ ಪದ್ಧತಿ ‘ಬೇಡ’ಗಳ ಪಟ್ಟಿ: ಅಭ್ಯಾಸದಲ್ಲಿ ಟ್ಯಾಕಲ್ (ಹಿಡಿದು ಕೆಡವುವುದು) ಬೇಡ, ಸೀಟಿ ಬೇಡ, ತಳ್ಳುವ ಗಾಡಿ ಬೇಡ, ‘ಕೋಚ್’ ಎನ್ನುವುದೂ ಬೇಡ, ಜಾನ್ ಎಂದರೆ ಸಾಕು. ವಾರವಿಡೀ ಕೆಡವಿ ಬೀಳಿಸದ ತಂಡಕ್ಕೆ ಶನಿವಾರ ಗಾಯಾಳುಗಳು ಕಡಿಮೆ. ಹೀಗೆ ನೋಡಿದರೆ ಅದು ಮೃದುತನವಲ್ಲ, ಲೆಕ್ಕಾಚಾರ. 2003ರ ನವೆಂಬರಿನಲ್ಲಿ ಬೆಥೆಲ್ ಮೇಲೆ 29–26ರಿಂದ ಗೆದ್ದು 409ನೇ ಗೆಲುವಿನೊಂದಿಗೆ ಕೋಚ್ ಎಡ್ಡಿ ರಾಬಿನ್ಸನ್ ಅವರ ದಾಖಲೆ ದಾಟಿದರು. ಡಿಸೆಂಬರಿನಲ್ಲಿ ಮೌಂಟ್ ಯೂನಿಯನ್‌ನ 55 ಪಂದ್ಯಗಳ ಗೆಲುವಿನ ಸರಣಿಯನ್ನು 24–6ರಿಂದ ಮುರಿದು ರಾಷ್ಟ್ರೀಯ ಪ್ರಶಸ್ತಿ ಪಡೆದರು. 2018ರ ಅಕ್ಟೋಬರ್ 7ರಂದು ತೀರಿಕೊಂಡರು. ಈ ಡಿವಿಷನ್ನಿನ ಶ್ರೇಷ್ಠ ಆಟಗಾರನಿಗೆ ಕೊಡುವ ಟ್ರೋಫಿಗೆ ಅವರದೇ ಹೆಸರು.

ಪಂದ್ಯ ಸಮವಾಗಿ ಮುಗಿದರೆ ಏಳಬೇಡಿ. ಹೆಚ್ಚುವರಿ ಆಟದಲ್ಲಿ ಎರಡೂ ತಂಡಕ್ಕೆ 25 ಗಜದ ಗೆರೆಯಿಂದ ಒಂದೊಂದು ದಾಳಿ. ಎರಡನೇ ಸುತ್ತಿನಲ್ಲಿ ಟಚ್‌ಡೌನ್ ಆದ ಮೇಲೆ ಒದೆಯುವಂತಿಲ್ಲ, ಎರಡಕ್ಕೇ ಪ್ರಯತ್ನಿಸಬೇಕು. ಮೂರರಿಂದ ಆಚೆಗೆ ಬರಿ ಎರಡಂಕದ ಯತ್ನಗಳು, ಪೆನಾಲ್ಟಿ ಶೂಟೌಟ್ ಇದ್ದಂತೆ.

ಎಲ್ಲ ಸರಿಯಾಗಿದ್ದರೆ ನಾಲ್ಕರ ಹೊತ್ತಿಗೆ ಮುಗಿಯುತ್ತದೆ, ಸೂರ್ಯ ಮುಳುಗುವುದು ಆರೂವರೆಗೆ. ಎಕ್ಸಿಟ್‌ನ ಸಾಲು ಕರಗಲು ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ಮಠದ ಹಳೆಯ ಪಾಕದ ‘ಜಾನಿ ಬ್ರೆಡ್’ ಒಂದು ಕೊಳ್ಳಬಹುದು. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ, ಬ್ರೇಕ್ ಒತ್ತಿ, ಸ್ಟಿಯರಿಂಗ್ ತಿರುಗಿಸಬೇಡಿ.

ಇಲ್ಲಿನ ಎಕ್ಸಿಟ್ ಸಂಖ್ಯೆಗಳು ಪಶ್ಚಿಮದ ಗಡಿಯಿಂದ ಎಣಿಸಿದ ಮೈಲಿಗಳು. ಮೂರ್‌ಹೆಡ್‌ನದು 1, ಇಲ್ಲಿಯದು 156. ಎದುರಾಳಿ ಕಾಂಕಾರ್ಡಿಯಾ ಆಗಿದ್ದರೆ, ಅವರ ಬಸ್ಸು ಗೆದ್ದರೂ ಸೋತರೂ ಇನ್ನೂ 155 ಮೈಲಿ ಓಡಬೇಕು.